ಘಟ್ಟದ ಮೇಲೊಂದು ಚಾಕು, ಘಟ್ಟದ ಕೆಳಗೊಂದು

ನನ್ನ ಜೇಬಿನಲ್ಲಿ ಬಹಳ ವರ್ಷಗಳಿಂದ ಇರುವುದು ಓಪಿನೆಲ್ 8ನೇ ನಂಬರಿನ ಮಡಚುವ ಚಾಕು. ಮರದ ಹಿಡಿ, ಕಾರ್ಬನ್ ಉಕ್ಕಿನ ಅಲಗು. ಈಚೆಗೆ ಹೊಸ ಕಾಲದ ಚಾಕುಗಳನ್ನೂ ತರಿಸಿ, ಅದೇ ಕೆಲಸಕ್ಕೆ ಹಾಕಿ ನೋಡಿದೆ. ಒಂದು ಕೈಯಲ್ಲಿ ಬಿಚ್ಚುವಂಥವು, ಜೇಬಿಗೆ ಸಿಕ್ಕಿಸುವ ಕ್ಲಿಪ್ ಇರುವಂಥವು. ಯಾವುದು ಒಳ್ಳೆಯದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಜೊತೆಗೆ ಅಪ್ಪೆಮಿಡಿ ಮತ್ತು ಕಾಳುಮೆಣಸಿನ ಕಸಿ ಗಿಡ ಮಾಡಿ ಕೊಡುತ್ತೇನೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರದವರೆಗೂ ಗಿಡ ಹೋಗುತ್ತದೆ. ಚಾಕುವಿನ ಮಾತು ಬಂದ ಕೂಡಲೇ ಎಲ್ಲರೂ ಉಕ್ಕು, ಲಾಕು, ಬೆಲೆ ಅಂತ ಶುರು ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದದ್ದು ನೀರಿನ ಕಥೆ. ಘಟ್ಟದ ಮೇಲೆ ತಿಂಗಳುಗಟ್ಟಲೆ ಮಳೆ, ಕೆಳಗೆ ವರ್ಷವಿಡೀ ಉಪ್ಪುಗಾಳಿ. ಇವೆರಡೂ ಚಾಕುವನ್ನು ಬೇರೆ ಬೇರೆ ರೀತಿ ಹಾಳು ಮಾಡುತ್ತವೆ. ಬಾಳೆಗೊನೆ ಕಡಿಯೋದು, ಎಳನೀರು ಕೆತ್ತೋದು ಸೊಂಟದ ಕೊಕ್ಕೆಯಲ್ಲಿ ನೇತಾಡುವ ಕತ್ತಿಯ ಕೆಲಸ, ಅದನ್ನು ಇಲ್ಲಿ ತರುವುದಿಲ್ಲ. ಜೇಬಿನ ಚಾಕುವಿಗೆ ಸಣ್ಣ ಕೆಲಸ, ಆದರೆ ನಯವಾದ ಕೆಲಸ.

ಓಪಿನೆಲ್ ಫ್ರಾನ್ಸಿನ ಸವಾಯ್ ಸೀಮೆಯ ಚಾಕು. 1890ರಲ್ಲಿ ಜೋಸೆಫ್ ಓಪಿನೆಲ್ ಮಾಡಿದ್ದು, ರೈತರಿಗೆ ಅಂತಲೇ. ತಿರುಗಿಸಿ ಲಾಕ್ ಮಾಡುವ ಉಂಗುರ ಬಂದದ್ದು 1955ರಲ್ಲಿ. 8ನೇ ನಂಬರಿನ ಅಲಗು 8.5 ಸೆಂಟಿಮೀಟರ್ ಉದ್ದ. ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಎರಡು ಉಂಗುರ, ಅಷ್ಟೇ. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಅಲಗಿನ ತೆಳುತನ. ಅದು ಗೊತ್ತಾಗುವುದು ಕಸಿ ಕಟ್ಟುವಾಗ.

ಅಪ್ಪೆಮಿಡಿಗೆ ನಾವು ಸೀಳು ಕಸಿ ಮಾಡುತ್ತೇವೆ. ಗೊರಟಿನಿಂದ ಎದ್ದ ಮಾವಿನ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಅದರಲ್ಲಿ ಒಳ್ಳೆ ಮರದ ಕಡ್ಡಿಯನ್ನು ಎರಡೂ ಬದಿ ಓರೆಯಾಗಿ ಕೆತ್ತಿ ಕೂರಿಸಬೇಕು. ಆ ಓರೆ ಒಂದೇ ಎಳೆತಕ್ಕೆ ಬರಬೇಕು, ಮೂರ್ನಾಲ್ಕು ಸೆಂಟಿಮೀಟರ್ ಉದ್ದ, ಬೆಳಕಿಗೆ ಹಿಡಿದರೆ ಎಲ್ಲೂ ಉಬ್ಬು ತಗ್ಗು ಕಾಣಬಾರದು. ಸಿಪ್ಪೆಯ ಒಳಗಿನ ಹಸಿರು ಪದರ ಎರಡೂ ಕಡೆ ತಾಗಿ ಕೂತರೆ ಮಾತ್ರ ಕಸಿ ಹಿಡಿಯುತ್ತದೆ. ನಡುವೆ ಗಾಳಿ ಉಳಿದರೆ ಕಡ್ಡಿ ಕಪ್ಪಾಗುತ್ತದೆ. ತೆಳು ಅಲಗು ಕಡ್ಡಿಯೊಳಗೆ ಸಲೀಸಾಗಿ ಸರಿದು ಹೋಗುತ್ತದೆ. ಹೊಸ ಕಾಲದ ಚಾಕುಗಳ ಬೆನ್ನು ಸಾಮಾನ್ಯವಾಗಿ 3 ಮಿಲಿಮೀಟರಿನ ಆಸುಪಾಸು ದಪ್ಪ, ಬಾಯಿ ಎಷ್ಟೇ ಹರಿತ ಇರಲಿ, ಸ್ವಲ್ಪ ಒಳಗೆ ಹೋದ ಮೇಲೆ ಅದು ಕತ್ತರಿಸೋದಿಲ್ಲ, ಕಡ್ಡಿಯನ್ನು ಸಿಗಿಯುತ್ತದೆ. ಕಾಗದ ಕತ್ತರಿಸಿ ತೋರಿಸುವ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಹಸಿ ಕಡ್ಡಿಯಲ್ಲಿ ಮೊದಲ ಎಳೆತಕ್ಕೇ ಕಾಣುತ್ತದೆ. ಕಸಿಗೆಂದೇ ಬರುವ ಒಂದೇ ಬದಿ ಓರೆ ಇರುವ ಚಾಕು ಇನ್ನೂ ಒಳ್ಳೆಯದು, ಆದರೆ ಅದನ್ನು ಬೇರೆ ಕೆಲಸಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕಾಳುಮೆಣಸನ್ನು ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟುವುದು ಸೊರಗು ರೋಗದ ಕಾಟಕ್ಕೆ. ನಾವು ಬಳಸುವ ಆ ಕಾಡು ಹಿಪ್ಪಲಿಯ ಬೇರು ರೋಗ ತಡೆಯುತ್ತದೆ, ನೀರು ನಿಂತರೂ ಬದುಕುತ್ತದೆ. ಬಳ್ಳಿ ಮೆತ್ತಗಿರುವುದರಿಂದ ಅಲ್ಲಿ ಚಾಕು ಒತ್ತಿದರೆ ಜಜ್ಜಿಹೋಗುತ್ತದೆ, ಎಳೆಯಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸುವುದನ್ನು ಯಾವ ಚಾಕು ಇದ್ದರೂ ಬಿಡಬೇಡಿ.

ಈಗ ಮಳೆ. ಮರದ ಹಿಡಿ ಆಷಾಢದಲ್ಲಿ ಉಬ್ಬುತ್ತದೆ, ಅಲಗು ಹಿಡಿಯೊಳಗೆ ಕಚ್ಚಿಕೊಂಡು ಹೊರಗೆ ಬರಲು ಒಪ್ಪುವುದಿಲ್ಲ. ಇದು ಮರದ ಗುಣ, ಬಾಗಿಲು ಉಬ್ಬಿದ ಹಾಗೇ. ಸವಾಯ್‌ನವರೂ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಲಾಕಿನ ಉಂಗುರ ಬಿಡಿಸಿಕೊಂಡು, ಹಿಡಿಯ ಹಿಂಭಾಗವನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಜಿಗಿಯುತ್ತದೆ. ನಾನು ಮೆಟ್ಟಿಲ ಕಲ್ಲಿಗೆ ಕುಟ್ಟುತ್ತೇನೆ. ಕಾಯಂ ಪರಿಹಾರ ಬೇಕಾದರೆ ಬೇಸಿಗೆಯಲ್ಲೇ ಕೆಲಸ ಮಾಡಬೇಕು. ಏಪ್ರಿಲ್ ಬಿಸಿಲಲ್ಲಿ ಹಿಡಿಯನ್ನು ಚೆನ್ನಾಗಿ ಒಣಗಿಸಿ, ಅಲಗು ಕೂರುವ ಸಂದಿಯ ಒಳಗೋಡೆಯನ್ನು ಪಾಲಿಶ್ ಪೇಪರಿನಿಂದ ತುಸು ಉಜ್ಜಿ, ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಬಿಸಿ ಇರುವಾಗಲೇ ಕುಡಿಸಬೇಕು. ಸಂದಿಯ ಒಳಗೆ, ಮೊಳೆಯ ಸುತ್ತ ಜಾಸ್ತಿ. ತುಡುವೆ ಜೇನಿನ ಮೇಣ ನಮ್ಮ ಕಡೆ ಸಲೀಸಾಗಿ ಸಿಗುತ್ತದೆ, ಅಲ್ವಾ. ಹೀಗೆ ಮಾಡಿದ ಹಿಡಿಯೂ ಬಿಗಿಯಾಗುತ್ತದೆ, ಆದರೆ ಉಗುರಿಗೆ ಬಗ್ಗುವಷ್ಟು ಮಾತ್ರ.

ಕಾರ್ಬನ್ ಉಕ್ಕಿನ ಬಣ್ಣದ ಬಗ್ಗೆ ಹೆದರುವವರಿದ್ದಾರೆ. ಹಸಿ ಅಡಿಕೆ ಕೊಯ್ದರೆ ಅಲಗು ನಿಮಿಷದೊಳಗೆ ನೀಲಿ ಮಿಶ್ರಿತ ಕಪ್ಪಾಗುತ್ತದೆ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ಹಳೆ ಕಾಲದ ಕಪ್ಪು ಶಾಯಿಯನ್ನು ಮಾಡುತ್ತಿದ್ದುದೂ ಇವೆರಡನ್ನೇ ಸೇರಿಸಿ. ಅದನ್ನು ತಿಕ್ಕಿ ತೆಗೆಯಬೇಡಿ. ಆ ಪದರ ಕೂತ ಮೇಲೆ ಕೆಂಪು ತುಕ್ಕು ಬರೋದು ನಿಧಾನವಾಗುತ್ತದೆ. ಮಾವಿನ ಸೊನೆಯನ್ನು ಮಾತ್ರ ಆಗಿಂದಾಗ ಎಣ್ಣೆ ಬಟ್ಟೆಯಲ್ಲಿ ಒರೆಸಬೇಕು, ಒಣಗಿದರೆ ಅಂಟಿನ ಥರ ಕೂತುಬಿಡುತ್ತದೆ.

ಇದೆಲ್ಲ ಘಟ್ಟದ ಮೇಲಿನ ಮಾತು. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ನನ್ನ ಚಾಕು ಕೈಯಲ್ಲಿ ತಿರುಗಿಸಿ ನೋಡಿ, "ಹೆಗಡೇರೆ, ಕಬ್ಬಿಣ ಚಲೋ ಉಂಟು, ಆದ್ರೆ ಈ ಗಾಳಿಗೆ ಇದು ಬಾಳಿಕೆ ಬರೂದಿಲ್ಲ" ಅಂದರು. ಅವರ ಮಾತು ಸರಿ. ಅಡಿಕೆ ಚೊಗರಿನ ಕಪ್ಪು ಪದರ ಉಪ್ಪನ್ನು ತಡೆಯುವುದಿಲ್ಲ. ಕರಾವಳಿಗೆ ಇಳಿದಾಗ ಒಂದು ರಾತ್ರಿ ಒರೆಸದೆ ಇಟ್ಟರೆ ಸಾಕು, ಬೆಳಿಗ್ಗೆ ಕೆಂಪು ಚುಕ್ಕೆ.

ಹಾಗಾಗಿ ಕೆಳಗಿನ ಕೆಲಸಕ್ಕೆ ಅಂತ ಹೊಸ ಚಾಕುಗಳನ್ನು ನೋಡಿದೆ. ಮೊದಲು ಬಂದದ್ದು ಡಿ2 ಉಕ್ಕಿನದು. ಕಡಿಮೆ ಬೆಲೆಗೆ ಸಿಗುತ್ತದೆ, ಬಾಯಿ ಬಹಳ ದಿನ ನಿಲ್ಲುತ್ತದೆ ಅಂತ ಹೆಸರು, ಅದು ನಿಜವೂ ಹೌದು. ಡಿ2ನಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇರುತ್ತದೆ, ಓದಿದರೆ ಸ್ಟೇನ್‌ಲೆಸ್ ಅನಿಸುತ್ತದೆ. ಆದರೆ ಇಂಗಾಲವೂ ಒಂದೂವರೆ ಶೇಕಡಾದಷ್ಟು ಇರುವುದರಿಂದ ಕ್ರೋಮಿಯಂನ ಒಂದು ಪಾಲು ಅದರ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಡುತ್ತದೆ, ತುಕ್ಕು ತಡೆಯಲು ಉಳಿಯೋದು ಕಡಿಮೆ. ಬೆವರು ಜೇಬು, ಉಪ್ಪುಗಾಳಿ, ಎರಡೂ ಸೇರಿ ಅಲಗಿನ ಬುಡದಲ್ಲಿ ಸೂಜಿಮೊನೆಯಂಥ ತೂತುಗಳು ಬಿದ್ದವು. ಕಾರ್ಬನ್ ಉಕ್ಕಿನ ತುಕ್ಕು ಮೇಲ್ಮೈಯಲ್ಲಿ ಹರಡುತ್ತದೆ, ಉಜ್ಜಿದರೆ ಹೋಗುತ್ತದೆ. ಇದು ಆಳಕ್ಕೆ ಇಳಿಯುತ್ತದೆ. ಮೇಲಾಗಿ ಮನೆಯ ಮಸೆಗಲ್ಲಿನಲ್ಲಿ ಡಿ2 ಮಸೆಯುವುದು ತೋಳು ನೋಯುವ ಕೆಲಸ. ಓಪಿನೆಲ್‌ಗೆ ಪಿಂಗಾಣಿ ಕಪ್ಪಿನ ತಳದ ಒರಟು ಅಂಚಿನಲ್ಲಿ ನಾಲ್ಕು ಸಲ ಎಳೆದರೂ ಸಾಕು.

ಆಮೇಲೆ ತಂದದ್ದು 14ಸಿ28ಎನ್ ಅನ್ನುವ ಸ್ವೀಡನ್ನಿನ ಉಕ್ಕಿನದು. ಇಂಗಾಲ 0.62 ಶೇಕಡಾ, ಕ್ರೋಮಿಯಂ 14, ಜೊತೆಗೆ ಸ್ವಲ್ಪ ಸಾರಜನಕ. ಸಾರಜನಕ ಉಕ್ಕನ್ನು ಗಟ್ಟಿ ಮಾಡುತ್ತದೆ, ಆದರೆ ಇಂಗಾಲದಷ್ಟು ಕ್ರೋಮಿಯಂ ತಿನ್ನುವುದಿಲ್ಲ. ಕಾರವಾರಕ್ಕೆ ಇದು ಸರಿಹೋಯಿತು. ಸಿಹಿ ನೀರಿನಲ್ಲಿ ತೊಳೆದು ಒರೆಸಿಟ್ಟರೆ ಮುಗಿಯಿತು. ನೈಲಾನ್ ಹಗ್ಗ, ಹನಿ ನೀರಾವರಿ ಪೈಪು, ಗೊಬ್ಬರ ಚೀಲ, ಯಾವುದಕ್ಕೂ ಹಿಂದೆ ಮುಂದೆ ನೋಡಬೇಕಾಗಿಲ್ಲ. ಸಮುದ್ರಕ್ಕೇ ಇಳಿಯುವವರಿಗೆ ಸ್ಪೈಡರ್ಕೊ ಅನ್ನುವ ಚಾಕು ಕಂಪನಿಯ ಸಾಲ್ಟ್ ಸರಣಿ ಅಂತಲೇ ಇದೆ, ಉಪ್ಪು ನೀರಿಗೇ ಮಾಡಿದ ಉಕ್ಕು, ಆದರೆ ಆ ಬೆಲೆ ಗಿಡ ಇಳಿಸಿ ಬರುವ ನನ್ನಂಥವರಿಗೆ ಬೇಡ.

ಒಂದು ಕೈಯಲ್ಲಿ ಬಿಚ್ಚುವ ಅನುಕೂಲವನ್ನು ಸುಮ್ನೆ ಶೋಕಿ ಅಂತ ತಳ್ಳಿಹಾಕಬೇಡಿ. ಅಲಗಿನಲ್ಲಿ ದುಂಡು ತೂತು, ಜೇಬಿಗೆ ಕ್ಲಿಪ್, ಇವೆರಡನ್ನೂ ಸ್ಪೈಡರ್ಕೊ 1981ರಲ್ಲೇ ತಂದಿತ್ತು. ಏಣಿಯ ಮೇಲೆ ನಿಂತು ಎಡಗೈಯಲ್ಲಿ ಮೆಣಸಿನ ಬಳ್ಳಿ ಹಿಡಿದಾಗ ಓಪಿನೆಲ್ ಬಿಚ್ಚಲು ಆಗುವುದಿಲ್ಲ, ಅದಕ್ಕೆ ಎರಡೂ ಕೈ ಬೇಕು. ಅಂಥ ದಿನ ಹೊಸದನ್ನೇ ಒಯ್ಯುತ್ತೇನೆ. ಸಂಜೆ ಅದರ ಲಾಕಿನ ತಗಡಿನ ಹಿಂದೆ ಸೇರಿದ ಮಣ್ಣು, ನಾರು ತೆಗೆಯಲೇಬೇಕು. ಲಾಕ್ ಪೂರ್ತಿ ಕೂರದಿದ್ದರೆ ಅಲಗು ಬೆರಳ ಮೇಲೆ ಮಡಚುತ್ತದೆ.

ಸ್ವಿಸ್ ಚಾಕು ಬೇಡವೇ ಅಂತ ಕೇಳುತ್ತಾರೆ. ವಿಕ್ಟೋರಿನಾಕ್ಸ್‌ನ ಫಾರ್ಮರ್ ಅನ್ನುವ ಮಾದರಿ ನನ್ನ ಅಣ್ಣನ ಹತ್ತಿರ ಇದೆ. ಅಲ್ಯೂಮಿನಿಯಂ ಹಿಡಿ, ಮಳೆಗೆ ಉಬ್ಬುವ ಮಾತೇ ಇಲ್ಲ. ಅದರ ಗರಗಸ ಹೆಬ್ಬೆರಳು ದಪ್ಪದ ಕೊಂಬೆಯನ್ನು ಚೊಕ್ಕವಾಗಿ ಕೊಯ್ಯುತ್ತದೆ. ಅಲಗಿಗೆ ಲಾಕ್ ಇಲ್ಲ, ಉಕ್ಕು ಸ್ವಲ್ಪ ಮೆತ್ತಗೆ, ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಒಂದೇ ಚಾಕು ಇಟ್ಟುಕೊಳ್ಳುವವರಿಗೆ, ಕಸಿ ಕಟ್ಟದವರಿಗೆ, ನಾನು ಹೇಳುವುದು ಇದನ್ನೇ. ತುದಿ ಮುರಿದು ಹೊಸ ಬಾಯಿ ಪಡೆಯುವ ಕಟ್ಟರ್ ಕೂಡ ಕಸಿಯ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಲು ಚಲೋ. ಆದರೆ ಅದರ ಅಲಗು ಬಳುಕುತ್ತದೆ, ಕಡ್ಡಿ ಕೆತ್ತಬೇಡಿ. ಮುರಿದ ತುಂಡನ್ನು ತೋಟದಲ್ಲಿ ಎಸೆಯಲೇಬೇಡಿ, ಬರಿಗಾಲಲ್ಲಿ ಓಡಾಡುವ ಜಾಗ.

ಇಷ್ಟರ ಮೇಲೂ ಕಾರ್ಬನ್ ಅಲಗನ್ನು ಮನೆಯಿಂದ ಕಳಿಸದಿರಲು ಇನ್ನೊಂದು ಕಾರಣ ಬೋರ್ಡೋ ದ್ರಾವಣ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯಲು 1 ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಕಲಸುತ್ತೇವೆ. ಸುಣ್ಣದ ಗುಣ ಒಂದೊಂದು ಸಲ ಒಂದೊಂದು ಥರ. ಅಲಗಿನ ತುದಿಯನ್ನು ಬೆಳ್ಳಗಾಗುವ ಹಾಗೆ ಉಜ್ಜಿ, ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಕೆಂಪು ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟೀತು. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಕಲಕಿ, ಮತ್ತೆ ಅದ್ದಿ ನೋಡಿ. ಸ್ಟೇನ್‌ಲೆಸ್ ಅಲಗಿನ ಮೇಲೆ ತಾಮ್ರ ಸರಿಯಾಗಿ ಕೂರುವುದಿಲ್ಲ, ಅದನ್ನು ನಂಬಿ ದ್ರಾವಣ ಸರಿಯಿದೆ ಅಂದುಕೊಳ್ಳಬೇಡಿ. ಪರೀಕ್ಷೆ ಮುಗಿದ ಕೂಡಲೇ ಅಲಗನ್ನು ಸಾಬೂನಿನಲ್ಲಿ ತೊಳೆದು ಎಣ್ಣೆ ಸವರಿ. ಆ ದಿನ ಅದರಲ್ಲಿ ಹಣ್ಣು ಕೊಯ್ದು ತಿನ್ನುವುದು ಬೇಡ.