ತಾಟಿಗೆ ದೃಷ್ಟಿ ತಾಗುವುದಿಲ್ಲ

ಮಕ್ಕಳಿಗೆ ಹೊಡೆಯುವ ಮನೆಗಳಿಗೆ ಹೋಗಿ, ಹೊಡೆಯದೆ ಮಕ್ಕಳನ್ನು ಸಂಭಾಳಿಸುವುದನ್ನು ಕಲಿಸುವುದು ನನ್ನ ಕೆಲಸ. ಮೊದಲ ದಿನ ಹೊಡೆತದ ಮಾತೇ ಎತ್ತುವುದಿಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮನೆಯಲ್ಲಿ ಏನೇನು ನಡೆಯುತ್ತದೆ ಎಂದಷ್ಟೇ ಕೇಳುತ್ತೇನೆ. ಗಂಗಾವತಿ ಸುತ್ತ ಭತ್ತದ ನಾಟಿ ನಡೆದಾಗ ಏಟು ಬೀಳುವ ಹೊತ್ತು ಬಹುತೇಕ ಗೊತ್ತೇ ಇರುತ್ತದೆ: ತಾಯಿ ಕೂಲಿಯಿಂದ ಬಂದು, ಒಲೆ ಹಚ್ಚಿ, ರೊಟ್ಟಿ ಬಡಿದು ಮುಗಿಸುವವರೆಗಿನ ಒಂದು ತಾಸು. ಮಗುವಿಗೆ ಹಸಿವು, ಅವಳಿಗೆ ನಡುನೋವು. ಬೆಳಗಿನ ಅರ್ಧ ರೊಟ್ಟಿ, ಒಂದು ತುಣುಕು ಬೆಲ್ಲ ಎತ್ತಿಟ್ಟು ಬಂದ ಕೂಡಲೇ ಕೈಗೆ ಕೊಟ್ಟರೆ ಆ ತಾಸಿನ ಜಗಳ ಎಷ್ಟೋ ಇಳಿಯುತ್ತದೆ. ಇದನ್ನು ಚಿಕಿತ್ಸೆ ಎನ್ನಬೇಕೋ ಬೇಡವೋ, ಶುರು ಮಾಡುವುದು ಇಲ್ಲಿಂದಲೇ.

ಇನ್ನೊಂದನ್ನೂ ಅಂದೇ ಹೇಳಿಬಿಡುತ್ತೇನೆ: ಮಗುವಿನ ಜೀವಕ್ಕೆ ಅಪಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇನೆ, ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮುಚ್ಚಿಡುವಂತಿಲ್ಲ. ತಡವಾಗಿ ಹೇಳಿದರೆ ಮೋಸ ಮಾಡಿದಂತಾಗಿ, ಮುಂದೆ ಬಾಗಿಲೇ ತೆರೆಯುವುದಿಲ್ಲ.

ಆಮೇಲೆ ದಿನಕ್ಕೆ 5 ನಿಮಿಷದ ಆಟ. ಬಾಟಲಿ ಮುಚ್ಚಳ, ಹಿಟ್ಟಿನ ಉಂಡೆ ಸಾಕು, ಮೊಬೈಲ್ ಬೇಡ. ಮಗು ಆಡಿದಂತೆ ತಾಯಿ ಆಡಬೇಕು. ನಾನು ಬಾಗಿಲ ಬಳಿ ಕೂತು ಎಣಿಸುತ್ತೇನೆ. ಅಳತೆ ಪಿಸಿಐಟಿ ಪದ್ಧತಿಯದು, ಅಂದರೆ ಹೆತ್ತವರು-ಮಗುವಿನ ಒಡನಾಟ ತಿದ್ದುವ ಚಿಕಿತ್ಸೆಯದು: 5 ನಿಮಿಷದಲ್ಲಿ 10 ಹೊಗಳಿಕೆ, 10 ಸಲ ಮಗುವಿನ ಮಾತನ್ನೇ ತಿರುಗಿ ಹೇಳುವುದು, 10 ಸಲ ಅದು ಮಾಡುತ್ತಿರುವುದನ್ನು ಹೇಳುವುದು. ಪ್ರಶ್ನೆ, ಅಪ್ಪಣೆ, ಬೈಗುಳ ಎಲ್ಲ ಸೇರಿ 3 ದಾಟಬಾರದು. ಬಿಡಲು ಕಷ್ಟವಾಗುವುದು ಬೈಗುಳವಲ್ಲ, ಪ್ರಶ್ನೆ. "ಏನಿದು? ಯಾವ ಬಣ್ಣ?" ಎಂದು ಆಟ ಪರೀಕ್ಷೆಯಾಗಿಬಿಡುತ್ತದೆ.

ಹೊಗಳಿಕೆಗೆ ಅಡ್ಡ ಬರುವುದು ಅತ್ತೆ. "ಎದುರಿಗೆ ಹೊಗಳಿದ್ರ ದೃಷ್ಟಿ ಆಗ್ತೈತಿ." ನಾನು ವಾದಕ್ಕಿಳಿಯುವುದಿಲ್ಲ. ಮಗುವನ್ನು ಬಿಡಿ, ಕೆಲಸವನ್ನು ಹೊಗಳಿ ಎನ್ನುತ್ತೇನೆ. "ಶಾಣ್ಯಾ ಕೂಸು" ಬೇಡ; "ತಾಟು ಎತ್ತಿಟ್ಟಿ, ಚೊಲೋ ಆತು" ಅನ್ನಲಿ. ತಾಟಿಗೆ ಯಾರ ದೃಷ್ಟಿ ತಾಗೀತು? ಪದ್ಧತಿಗೂ ಬೇಕಾದ್ದು ಇದೇ: ಯಾವುದಕ್ಕೆ ಹೊಗಳಿದರು ಎಂದು ತಿಳಿದರೆ ತಾನೇ ಮಗು ಅದನ್ನು ಮತ್ತೆ ಮಾಡುವುದು.

ಎಲ್ಲ ಕೆಡುವುದು ಹಟದ ವಿಷಯದಲ್ಲಿ. ಸಣ್ಣ ಹಟವನ್ನು ಕಂಡೂ ಕಾಣದಂತಿದ್ದರೆ ಮೊದಲ ಕೆಲವು ದಿನ ಅದು ಇನ್ನೂ ಏರುತ್ತದೆ. ಇದನ್ನು ಮುಂಚೆಯೇ ಹೇಳಿರದಿದ್ದರೆ ತಂದೆ ಮೂರನೇ ದಿನ ಬಾರಿಸುತ್ತಾನೆ, ಇಲ್ಲವೇ ಕೇಳಿದ್ದನ್ನು ಕೊಟ್ಟು ಬಾಯಿ ಮುಚ್ಚಿಸುತ್ತಾನೆ. ಕೊಟ್ಟರೆ ಮಗು ಕಲಿಯುವುದು ಇನ್ನೂ ಜೋರಾಗಿ ಕಿರುಚುವುದನ್ನೇ. ಒಲೆ, ನೀರಿನ ಡ್ರಮ್ಮಿನ ಹತ್ತಿರ ಮಾತ್ರ ಕಾಯುವಂತಿಲ್ಲ, ಎತ್ತಿ ದೂರ ಕೂರಿಸಬೇಕು.

ಎಳೆಗೂಸಿರುವ ಮನೆಯ ಲೆಕ್ಕ ಬೇರೆ. ಅಳು 6–8 ವಾರದ ಹೊತ್ತಿಗೆ ತುದಿ ಮುಟ್ಟಿ, 3–4 ತಿಂಗಳಿಗೆ ಇಳಿಯುತ್ತದೆ. ಹಾಲು ಕುಡಿಸಿ, ಬಟ್ಟೆ ಬದಲಿಸಿ, ಜ್ವರವಿಲ್ಲವೆಂದು ನೋಡಿದ ಮೇಲೂ ಅಳುತ್ತಿದ್ದು, ಕೈ ನಡುಗುವಷ್ಟು ಸಿಟ್ಟು ಬಂದರೆ ಕೂಸನ್ನು ಸಮನೆಲದ ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊರಗೆ ಕಟ್ಟೆಯ ಮೇಲೆ 5–10 ನಿಮಿಷ ಕೂಡಬೇಕು. ಅತ್ತರೆ ಕೂಸಿಗೇನೂ ಆಗದು. ಸಿಟ್ಟಿನಲ್ಲಿ ಹಿಡಿದು ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತ ಸೋರುತ್ತದೆ, ಮೈಮೇಲೆ ಎಷ್ಟೋ ಸಲ ಗಾಯವೂ ಕಾಣುವುದಿಲ್ಲ.