ತೋಟದ ಕ್ಯಾಮೆರಾಗೆ ಸೋಲಾರ್ ಪ್ಯಾನೆಲ್: ಮಳೆಗಾಲದಲ್ಲೂ ಬ್ಯಾಟರಿ ಡೌನ್ ಆಗದ ಹಾಗೆ ನೋಡ್ಕೊಳ್ಳೋದು ಹೇಗೆ

ಅಡಿಕೆಗೆ ರೇಟ್ ಬಂದ ಮೇಲೆ ಮಲೆನಾಡಲ್ಲಿ ತೋಟಕ್ಕೊಂದು ಕ್ಯಾಮೆರಾ ಇಡೋದು ಮಾಮೂಲಾಗಿದೆ. ಹಸಿ ಗೊನೆ ಕೊಯ್ಕೊಂಡು ಹೋಗೋರು, ಮೋಟರ್ ಶೆಡ್ಡಿನ ಕೇಬಲ್ ಕತ್ತರಿಸ್ಕೊಂಡು ಹೋಗೋರು ಇರೋವಾಗ ಬೇರೆ ದಾರಿನೂ ಇಲ್ಲ ಬಿಡಿ. ಕರೆಂಟ್ ಇಲ್ಲದ ಮೂಲೆಗೆ ಸಿಮ್ ಹಾಕೋ ಬ್ಯಾಟರಿ ಕ್ಯಾಮೆರಾ, ಅದರ ಜೊತೆ ಬರೋ ಅಂಗೈ ಎರಡರಷ್ಟು ಸೋಲಾರ್ ಪ್ಯಾನೆಲ್. ಮೇ ತನಕ ಎಲ್ಲಾ ಚೆನ್ನಾಗಿರುತ್ತೆ, ಜೂನ್ ಬಂತು ಅಂದ್ರೆ ಎಲ್ಲರದ್ದೂ ಒಂದೇ ಕಂಪ್ಲೇಂಟ್, ಬ್ಯಾಟರಿ ನಿಲ್ತಿಲ್ಲ, ದೊಡ್ಡ ಪ್ಯಾನೆಲ್ ಯಾವುದು ತಗೊಳ್ಳೋದು ಅಂತ. ನಾನಂತೂ ದೊಡ್ಡ ಪ್ಯಾನೆಲ್ ವಿಷಯ ಕೊನೇಗೆ ಇಟ್ಕೊಳ್ಳಿ ಅಂತೀನಿ, ಮೊದಲು ಕ್ಯಾಮೆರಾ ದಿನಕ್ಕೆ ಎಷ್ಟು ತಿಂತಿದೆ ಅನ್ನೋದು ಗೊತ್ತಾಗ್ಬೇಕು.

ಗೊತ್ತು ಮಾಡ್ಕೊಳ್ಳೋದು ಸುಲಭ. ಪ್ಯಾನೆಲ್ ವಯರ್ ಕಿತ್ತು ಎರಡು ದಿನ ಹಾಗೇ ಬಿಡಿ, ಆ್ಯಪಲ್ಲಿ ಎಷ್ಟು ಪರ್ಸೆಂಟ್ ಇಳಿತು ನೋಡಿ. ಬ್ಯಾಟರಿ 10,000 ಎಂಎಎಚ್ ಇದ್ರೆ ಅದರ 3.7 ವೋಲ್ಟಿಂದ ಗುಣಿಸಿ ಸಾವಿರದಿಂದ ಭಾಗಿಸಿ, ಅಂದ್ರೆ 37 ವ್ಯಾಟ್ ಅವರ್. ದಿನಕ್ಕೆ 5 ಪರ್ಸೆಂಟ್ ಇಳಿದ್ರೆ ಖರ್ಚು ಸುಮಾರು 2 ವ್ಯಾಟ್ ಅವರ್, 20 ಪರ್ಸೆಂಟ್ ಇಳಿದ್ರೆ ಏಳೂವರೆ. ಈಗ ಆದಾಯದ ಕಡೆ ಬನ್ನಿ. 4 ವ್ಯಾಟ್ ಪ್ಯಾನೆಲ್ಲಿಗೆ ಒಳ್ಳೇ ಬಿಸಿಲು ದಿನಕ್ಕೆ 5 ಗಂಟೆ ಸಿಕ್ತು ಅಂದ್ರೆ ಕಾಗದದ ಮೇಲೆ 20, ಆದ್ರೆ ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿಯ ಲ್ಯಾಬಿನ ಲೆಕ್ಕ, ಬಿಸಿ ಏರಿದಷ್ಟೂ ಕಮ್ಮಿ, ವಯರಲ್ಲಿ ಸ್ವಲ್ಪ ಹೋಗುತ್ತೆ, ಧೂಳು ಸ್ವಲ್ಪ ತಿನ್ನುತ್ತೆ, ಹಾಗಾಗಿ ಅರ್ಧ ಅಂತ ಹಿಡ್ಕೊಳ್ಳಿ, 10. ಆರಿದ್ರಾ, ಪುನರ್ವಸು ಮಳೆ ಹೊಡೀತಾ ಮೋಡ ಮುಚ್ಕೊಂಡಿರೋ ದಿನ ಇದರ ಹತ್ತು ಇಪ್ಪತ್ತು ಪರ್ಸೆಂಟ್ ಬಂದ್ರೆ ಹೆಚ್ಚು, ಅಂದ್ರೆ 1 ಅಥವಾ 2 ವ್ಯಾಟ್ ಅವರ್. 2 ತಿನ್ನೋ ಕ್ಯಾಮೆರಾ ಇದರಲ್ಲಿ ಹೆಂಗೋ ಮಳೆಗಾಲ ದಾಟುತ್ತೆ. ಏಳೂವರೆ ತಿನ್ನೋದಕ್ಕೆ ಪ್ಯಾನೆಲ್ಲನ್ನ 4ರಿಂದ 6 ವ್ಯಾಟ್ ಮಾಡಿದ್ರೂ ಏನೂ ಪ್ರಯೋಜನ ಇಲ್ಲ.

ಹಾಗಾದ್ರೆ ಅಷ್ಟೊಂದು ತಿನ್ನೋದು ಯಾಕೆ? ಮೊದಲನೇ ಕಳ್ಳ ನೆಟ್‌ವರ್ಕ್. ಸಿಗ್ನಲ್ ಒಂದು ಕಡ್ಡಿ ಇರೋ ಜಾಗದಲ್ಲಿ ಕ್ಯಾಮೆರಾ ಟವರ್ ಹಿಡಿಯೋಕೆ ಜಾಸ್ತಿ ಪವರ್ ಹಾಕುತ್ತೆ, ಒಂದು ಚಿಕ್ಕ ಕ್ಲಿಪ್ ಕಳ್ಸೋಕೂ ಒದ್ದಾಡ್ತಾ ಎಷ್ಟೋ ಹೊತ್ತು ಎದ್ದೇ ಇರುತ್ತೆ. ಇಡೋ ಜಾಗದಲ್ಲಿ ಬೇರೆ ಬೇರೆ ಕಂಪನಿ ಸಿಮ್ ಹಾಕಿರೋ ಫೋನ್ ಹಿಡ್ಕೊಂಡು ಯಾವುದಕ್ಕೆ ಚೆನ್ನಾಗಿ ಬರುತ್ತೆ ನೋಡಿ, ಅದೇ ಸಿಮ್ ಹಾಕಿ. ಹತ್ತಡಿ ಮೇಲೋ, ಗುಡ್ಡದ ಕಡೆಗೋ ಸರಿಸಿದ್ರೆ ಸಿಗ್ನಲ್ ಬದಲಾಗೋದೂ ಉಂಟು.

ಎರಡನೇದು ಸುಳ್ಳು ಅಲರ್ಟ್. ಈ ಕ್ಯಾಮೆರಾಗಳು ನಿದ್ದೆ ಮಾಡ್ತಾ ಇರ್ತವೆ, ಮೈಶಾಖ ಇರೋದು ಏನಾದ್ರೂ ಮುಂದೆ ಓಡಾಡಿದ್ರೆ ಸೆನ್ಸರ್ ಎಬ್ಬಿಸುತ್ತೆ. ಬಿಸಿಲಿಗೆ ಕಾದ ಸೋಗೆ ಗಾಳಿಗೆ ಅಲ್ಲಾಡಿದ್ರೂ ಅದು ಎಬ್ಬಿಸುತ್ತೆ, ಮಧ್ಯಾಹ್ನ ಪೂರ್ತಿ ಸೋಗೆ ವಿಡಿಯೋನೇ ತುಂಬ್ಕೊಳ್ಳುತ್ತೆ. ಅದಕ್ಕೇ ಕ್ಯಾಮೆರಾನ ಎಂಟು ಹತ್ತಡಿ ಎತ್ತರದಲ್ಲಿ ಸ್ವಲ್ಪ ಕೆಳಗೆ ಬಗ್ಗಿಸಿ ಹಾಕಿ, ಮುಖ ಬೇಲಿಯ ದಣಪೆ ಕಡೆ ಇರ್ಲಿ, ಆದ್ರೆ ಜನ ನೇರ ಕ್ಯಾಮೆರಾ ಕಡೆಗೇ ನಡ್ಕೊಂಡು ಬರೋ ಹಾಗಲ್ಲ, ಅಡ್ಡ ಹಾಯೋ ಹಾಗೆ, ಸೆನ್ಸರ್ ಅಡ್ಡ ಹೋಗೋದನ್ನ ಬೇಗ ಹಿಡಿಯುತ್ತೆ. ಸೆನ್ಸಿಟಿವಿಟಿ ಮೀಡಿಯಂ, ಕ್ಲಿಪ್ 10-15 ಸೆಕೆಂಡ್, ಬೇಡದ ಭಾಗಕ್ಕೆ ಆ್ಯಪಲ್ಲೇ ಗೆರೆ ಎಳೆದು ಆಫ್ ಮಾಡೋ ಆಪ್ಷನ್ ಇದ್ರೆ ಮಾಡಿ. ರಾತ್ರಿ ಇನ್ಫ್ರಾರೆಡ್ ಬೆಳಕಿಗೆ ಹುಳ ಬರುತ್ತೆ, ಹುಳ ತಿನ್ನೋಕೆ ಜೇಡ ಬಂದು ಲೆನ್ಸ್ ಮುಂದೆನೇ ಬಲೆ ಕಟ್ಟುತ್ತೆ, ಅದನ್ನ ಆವಾಗಾವಾಗ ಒರೆಸ್ತಿರಿ.

ಮೂರನೇದು ಮನೆಯವರೇ. ಬೆಂಗಳೂರಲ್ಲಿ ಕೂತಿರೋ ಮಗ ಊರಲ್ಲಿ ಮಳೆ ಬರ್ತಿದ್ಯಾ ಅಂತ ನೋಡೋಕೆ ದಿನಾ ಹತ್ತು ಸಲ ಲೈವ್ ಓಪನ್ ಮಾಡಿದ್ರೆ ಬ್ಯಾಟರಿ ಎಲ್ಲಿಂದ ಉಳಿಯುತ್ತೆ, ಅಪ್ಪಂಗೆ ಫೋನ್ ಮಾಡಿ ಕೇಳ್ಬಹುದಲ್ಲ!

ಇಷ್ಟು ಸರಿಯಾದ್ಮೇಲೆ ಪ್ಯಾನೆಲ್ ಕೂರ್ಸೋ ವಿಷಯ. ಕ್ಯಾಮೆರಾ ತಲೆ ಮೇಲೇ ಪ್ಯಾನೆಲ್ ಇರೋ ಮಾಡೆಲ್ ತೋಟಕ್ಕೆ ಬೇಡ, ಕ್ಯಾಮೆರಾಗೆ ಬೇಕಾದ ಜಾಗನೇ ಬೇರೆ, ಪ್ಯಾನೆಲ್ಲಿಗೆ ಬೇಕಾದ ಜಾಗನೇ ಬೇರೆ. ಕ್ಯಾಮೆರಾ ಸೂರಿನ ಕೆಳಗೆ ಇರ್ಲಿ, ಪ್ಯಾನೆಲ್ ಬೇರೆ ಜಿಐ ಪೈಪಿಗೆ ಹಾಕಿ ಮೋಟರ್ ಶೆಡ್ಡಿನ ಮಾಡಿನ ಮೇಲೋ, ಅಡಿಕೆ ಒಣಗಿಸೋ ಅಂಗಳದ ಪಕ್ಕಕ್ಕೋ ಏರ್ಸಿ. ಮುಖ ದಕ್ಷಿಣಕ್ಕೆ, ಫೋನಿನ ಕಂಪಾಸ್ ಸಾಕು. ಓರೆ 15ರಿಂದ 20 ಡಿಗ್ರಿ, ನಮ್ಮ ಕಡೆಗೆ ಅದು ಸರಿ ಹೋಗುತ್ತೆ, ಮಳೆ ನೀರಿಗೆ ಧೂಳು ತೊಳ್ಕೊಂಡೂ ಹೋಗುತ್ತೆ. ಪೂರ್ತಿ ಮಟ್ಟಸ ಇಟ್ರೆ ನೀರು ನಿಂತು ಪಾಚಿ ಕಟ್ಟುತ್ತೆ.

ನೆರಳು ನೋಡೋವಾಗ ಒಂದು ವಿಷಯ ಗಮನದಲ್ಲಿರ್ಲಿ. ಏಪ್ರಿಲಲ್ಲಿ ನಿಂತು ನೋಡಿ ಇಲ್ಲಿ ಚೆನ್ನಾಗಿ ಬಿಸಿಲಿದೆ ಅಂತ ಹಾಕಿದ ಜಾಗಕ್ಕೆ ಡಿಸೆಂಬರಲ್ಲಿ ಬಿಸಿಲೇ ಇರಲ್ಲ, ಯಾಕಂದ್ರೆ ದಕ್ಷಿಣಾಯನದ ಕೊನೇಲಿ ಸೂರ್ಯ ತೀರಾ ದಕ್ಷಿಣಕ್ಕೆ ಸರಿದಿರ್ತಾನೆ, ಶಿವಮೊಗ್ಗ ಕಡೆ 40 ಅಡಿ ಅಡಿಕೆ ಮರದ ನೆರಳು ಆಗ ನಡು ಮಧ್ಯಾಹ್ನಾನೇ 30 ಅಡಿ ಉತ್ತರಕ್ಕೆ ಬಿದ್ದಿರುತ್ತೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಕೊಯ್ಲಿನ ಟೈಮೂ ಅದೇ, ಕಳ್ಳರ ಟೈಮೂ ಅದೇ. ಹಾಗಾಗಿ ಪ್ಯಾನೆಲ್ಲಿನ ದಕ್ಷಿಣಕ್ಕೆ ಆ ಅಂತರದಲ್ಲಿ ಮರ ಇಲ್ಲದ ಜಾಗ ಹುಡುಕಿ. ಒಂದು ಸೋಗೆ ನೆರಳು ತಾನೇ ಅಂತ ಬಿಡ್ಬೇಡಿ, ಒಳಗಿನ ಸೆಲ್ಲುಗಳು ಒಂದರ ಹಿಂದೆ ಒಂದು ಜೋಡ್ಸಿರ್ತಾವೆ, ಒಂದು ಪಟ್ಟಿ ಮುಚ್ಚಿದ್ರೂ ಇಡೀ ಪ್ಯಾನೆಲ್ಲಿನ ಕರೆಂಟ್ ಕುಸಿಯುತ್ತೆ.

ಬಿಸಿಲು ಬೇಕು ಅಂತ ಪ್ಯಾನೆಲ್ ದೂರ ಒಯ್ಯೋಕೂ ಮಿತಿ ಇದೆ. 5 ವೋಲ್ಟ್ ಅನ್ನೋದು ಬಹಳ ಕಮ್ಮಿ ವೋಲ್ಟೇಜ್, ಸಪೂರ ಯುಎಸ್‌ಬಿ ವಯರಲ್ಲಿ 5 ಮೀಟರ್ ಹೋಗೋದ್ರೊಳಗೆ ಒಂದು ಆ್ಯಂಪಿಯರ್ ಹರಿದ್ರೆ ಮುಕ್ಕಾಲು ವೋಲ್ಟಿಗಿಂತ ಜಾಸ್ತಿ ಹೋಗುತ್ತೆ, ಆ ಕಡೆ ಕ್ಯಾಮೆರಾ ಚಾರ್ಜಿಂಗ್ ಅಂತ ತೋರ್ಸೋದೇ ಇಲ್ಲ. ಜೊತೆಗೆ ಬಂದ 3 ಮೀಟರ್ ವಯರಲ್ಲೇ ಮುಗ್ಸಿ, ಇಲ್ಲಾಂದ್ರೆ ದಪ್ಪ ತಾಮ್ರದ ವಯರ್ ಎಳೆದು ತುದಿಗೆ ಕನೆಕ್ಟರ್ ಹಾಕ್ಸಿ. ಮನೇಲಿ ಬಿದ್ದಿರೋ 12 ವೋಲ್ಟ್ ಪ್ಯಾನೆಲ್ ನೇರ ಕ್ಯಾಮೆರಾಗೆ ಚುಚ್ಚೋಕೆ ಹೋಗ್ಬೇಡಿ, ಲೋಡ್ ಇಲ್ಲದಾಗ ಅದು 18-22 ವೋಲ್ಟ್ ಕೊಡುತ್ತೆ, ಕ್ಯಾಮೆರಾ ಸುಟ್ಟೋಗುತ್ತೆ.

ವಯರ್ ಮೇಲಿಂದ ನೇರ ಕ್ಯಾಮೆರಾದ ತೂತಿಗೆ ಬರ್ಬಾರ್ದು, ಮೊದಲು ಒಂದು ಗೇಣು ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ತಂದು ಚುಚ್ಚಿ, ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ. ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿ. ತೂತಿಗೇ ಎಂಸೀಲ್ ಮೆತ್ತೋರಿದ್ದಾರೆ, ಆಮೇಲೆ ಬಿಚ್ಚೋದು ಹೇಗೆ ಸ್ವಾಮಿ? ಮಂಗಗಳ ಕಾಟ ಇದ್ರೆ ವಯರ್ ಪೂರ್ತಿ ಅರ್ಧ ಇಂಚ್ ಪಿವಿಸಿ ಪೈಪಲ್ಲಿ ತನ್ನಿ, ನೇತಾಡೋ ವಯರ್ ಕಂಡ್ರೆ ಅವು ಸುಮ್ನೆ ಬಿಡಲ್ಲ.

ಮಳೆ ಹಿಡಿಯೋ ಮುಂಚೆ, ಮೇ ಕೊನೇಲಿ, ಪ್ಯಾನೆಲ್ ಒದ್ದೆ ಬಟ್ಟೇಲಿ ಒರೆಸಿ, ಕ್ಯಾಮೆರಾ ಮನೆಗೆ ತಂದು ಚಾರ್ಜರಿಗೆ ಹಾಕಿ ಫುಲ್ ಮಾಡಿ. ಜುಲೈ ಆಗಸ್ಟಲ್ಲಿ 20 ಪರ್ಸೆಂಟಿಗೆ ಬಂತು ಅಂದ್ರೆ ಪೂರ್ತಿ ಸಾಯೋ ತನಕ ಕಾಯ್ಬೇಡಿ, ಲಿಥಿಯಂ ಬ್ಯಾಟರಿಗೆ ಅದು ಒಳ್ಳೇದಲ್ಲ. ಬ್ಯಾಟರಿ ಬಿಚ್ಚೋಕೆ ಬರೋ ಮಾಡೆಲ್ ಆದ್ರೆ ಇನ್ನೊಂದು ಸೆಟ್ ಇಟ್ಕೊಂಡು ಬದಲಾಯ್ಸಿ.

24 ಗಂಟೆ ರೆಕಾರ್ಡ್ ಆಗೋ ಸಿಸಿಟಿವಿನೇ ಬೇಕು ಅನ್ನೋರದ್ದು ಬೇರೆ ಲೆಕ್ಕ. ಕ್ಯಾಮೆರಾ, ರೌಟರ್ ಸೇರಿ 10 ವ್ಯಾಟ್ ಅಂದ್ರೂ ದಿನಕ್ಕೆ 240 ವ್ಯಾಟ್ ಅವರ್, ಅದಕ್ಕೆ 100-150 ವ್ಯಾಟ್ ಪ್ಯಾನೆಲ್, 12 ವೋಲ್ಟ್ 50 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಪ್ಯಾನೆಲ್ಲಿಂದ ಬ್ಯಾಟರಿಗೆ ಹೋಗೋ ಕರೆಂಟನ್ನ ಹತೋಟಿಲಿಡೋ, ಆ ಬ್ಯಾಟರಿಗೆ ಹೊಂದೋ ಚಾರ್ಜ್ ಕಂಟ್ರೋಲರ್, ಒಂದು ಫ್ಯೂಸ್ ಬೇಕು. ಬಿಸಿಲೇ ಇಲ್ಲದಿದ್ರೂ ಎರಡೂವರೆ ದಿನ ಎಳೆಯುತ್ತೆ. ಜೋಡ್ಸೋವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚೋವಾಗ ಮೊದಲು ಪ್ಯಾನೆಲ್.