ಇಬ್ಬರಿಗೊಂದು ಹಾಯಿದೋಣಿ: ಸೆಶೆಲ್ಸ್ ಪ್ರವಾಸ ಹೆಣೆದ ಬಗೆ

ಹಿಂದೂ ಮಹಾಸಾಗರದ ದ್ವೀಪದೇಶ ಸೆಶೆಲ್ಸ್‌ನಲ್ಲಿ 115 ದ್ವೀಪಗಳಿವೆ. ನಾವು ನೋಡಿದ್ದು ಬೆರಳೆಣಿಕೆಯಷ್ಟು, ಅದೂ ಬೇಕೆಂದೇ. ಮದುವೆಯ 25ನೇ ವರ್ಷಕ್ಕೆ ಹಾಯಿದೋಣಿಯಲ್ಲಿ ಇಬ್ಬರೇ ಹೋಗಿಬರಬೇಕು ಎಂದು ತೀರ್ಮಾನಿಸಿದಾಗ ಯೋಜನೆಯ ಹೊಣೆ ನಾನೇ ಹೊತ್ತೆ. ನೋಡಬೇಕಾದ ದ್ವೀಪಗಳ ಪಟ್ಟಿಯಿಂದ ಶುರು ಮಾಡಲಿಲ್ಲ. ಆ ತಿಂಗಳು ಗಾಳಿ ಯಾವ ದಿಕ್ಕಿನದು, ಯಾವ ಕೊಲ್ಲಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಈ ಎರಡು ಪ್ರಶ್ನೆ ಮೊದಲು ಕೇಳಿದೆ. ದುಬಾರಿ ಪ್ರವಾಸಗಳು ಸೊರಗುವುದು ಹಣ ಸಾಲದೆ ಅಲ್ಲ, ದಿನಗಳಿಗೆ ಬಿಡುವು ಸಾಲದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕಣ್ಣು ಹೋಗಿದ್ದು ಹೊರದ್ವೀಪಗಳ ಮೇಲೆ. ಅಮಿರಾಂಟ್ ಸಾಲು, ಅದರಾಚೆ ಆಲ್ಫೋನ್ಸ್, ಇನ್ನೂ ಆಚೆ ಲಕ್ಷಕ್ಕೂ ಹೆಚ್ಚು ದೈತ್ಯ ಆಮೆಗಳಿರುವ ಅಲ್ಡಾಬ್ರ. ಆದರೆ ಆಲ್ಫೋನ್ಸ್ ಎಂದರೆ ಮುಖ್ಯ ದ್ವೀಪ ಮಾಹೆಯಿಂದ ಸುಮಾರು 400 ಕಿಲೋಮೀಟರ್, ಅಲ್ಡಾಬ್ರ 1,100. ಹಗಲು ರಾತ್ರಿ ತೆರೆದ ಕಡಲಲ್ಲಿ ಸಾಗಬೇಕು. ನಾನು ಕುಂದಾಪುರದವಳು, ಕಡಲು ನೋಡಿಯೇ ಬೆಳೆದವಳು. ಇವರು ತೀರ್ಥಹಳ್ಳಿಯವರು, ಈಜು ಬಾರದು, ಘಾಟಿಯ ತಿರುವುಗಳಲ್ಲೇ ಹೊಟ್ಟೆ ತೊಳಸುತ್ತದೆ. ಇಬ್ಬರ ಪ್ರವಾಸದಲ್ಲಿ ಒಬ್ಬರು ಕ್ಯಾಬಿನ್ನಿನಲ್ಲಿ ಮಲಗಿಕೊಂಡೇ ಇರುವುದಾದರೆ ಅದು ಎಂಥ ಪ್ರವಾಸ? ಹಾಗಾಗಿ ಮಾಹೆ, ಪ್ರಾಸ್ಲಿನ್, ಲಾ ಡೀಗ್ ಮತ್ತು ಅವುಗಳ ಸುತ್ತಲಿನ ಒಳದ್ವೀಪಗಳು ಸಾಕೆಂದು ನಿರ್ಧಾರವಾಯಿತು. ಮಾಹೆಯಿಂದ ಪ್ರಾಸ್ಲಿನ್‌ಗೆ ಸುಮಾರು 45 ಕಿಲೋಮೀಟರ್. ಅದೊಂದೇ ಉದ್ದದ ಹಾದಿ. ಅಲ್ಲಿಂದ ಮುಂದಿನವೆಲ್ಲ ಗಂಟೆ, ಎರಡು ಗಂಟೆಯ ದೂರದವು.

ಸಾಗರದ ನಡುವಿನ ಬಹುಪಾಲು ದ್ವೀಪಗಳು ಜ್ವಾಲಾಮುಖಿಯಿಂದಲೋ ಹವಳದಿಂದಲೋ ಆದವು. ಈ ಒಳದ್ವೀಪಗಳು ಮಾತ್ರ ಒಡೆದ ಖಂಡದ ಚೂರುಗಳು, ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನಲ್ಲಿ ಲಾವಾ ಹರಿದ ಆಸುಪಾಸಿನಲ್ಲಿ, ಭಾರತದಿಂದಲೇ ಬೇರ್ಪಟ್ಟು ಹಿಂದುಳಿದ ನೆಲ ಅದು. ಲಾ ಡೀಗ್‌ನ ದಡದಲ್ಲಿ ನಿಂತರೆ ಹಂಪಿಯ ಬಂಡೆಗಳನ್ನೇ ತಂದು ಹಸಿರು ನೀರಿಗೆ ಇಳಿಸಿದಂತಿದೆ.

ತಿಂಗಳು ಆರಿಸುವುದರಲ್ಲೇ ಅರ್ಧ ಯೋಜನೆ ಮುಗಿಯುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಆಗ್ನೇಯ ಮಾರುತ. ಜುಲೈ, ಆಗಸ್ಟ್‌ನಲ್ಲಿ ಅದು ಬಲು ಜೋರು, ಕಡಲು ಒರಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ, ಜೊತೆಗೆ ಮಳೆ. ಇವೆರಡರ ನಡುವಿನ ಸಂಧಿಕಾಲದಲ್ಲಿ, ಅಂದರೆ ಏಪ್ರಿಲ್‌ನಲ್ಲಿ ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಕಡಲು ಶಾಂತ, ನೀರು ತಿಳಿ. ನಾನು ಏಪ್ರಿಲ್ ಆರಿಸಿದೆ. ಗಾಳಿ ಸಣ್ಣದಾದ್ದರಿಂದ ಕೆಲವು ಹೊತ್ತು ಹಾಯಿ ಮಡಚಿ ಎಂಜಿನ್ ಹಾಕಬೇಕಾಗುತ್ತದೆ, ಹಗಲು ಸೆಕೆ, ನಡುವೆ ಒಂದೆರಡು ಮಳೆಯೂ ಬರುತ್ತದೆ. ಹಾಯಿ ತುಂಬಿ ದೋಣಿ ಓಡುವ ರಭಸವೇ ಬೇಕು ಎನ್ನುವವರು ಮೇ ತಿಂಗಳಿಗೆ ಹೋಗಲಿ. ಈಸ್ಟರ್ ರಜೆಗೆ ಯುರೋಪಿನವರು ಬಂದು ಬಾಡಿಗೆ ಏರುತ್ತದೆ. ಆ ವಾರ ತಪ್ಪಿಸಿ.

ತಾರೀಕಿಗೆ ಪಂಚಾಂಗ ತೆರೆದೆ. ಬೆಳದಿಂಗಳಲ್ಲಿ ದೋಣಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. ನಾನು ಯುಗಾದಿ ಕಳೆದು ಚೈತ್ರ ಬಹುಳದ ಕೊನೆಯ ದಿನಗಳನ್ನು ಆರಿಸಿದೆ, ಕತ್ತಲು ಬೇಕೆಂದೇ. ಭೂಮಧ್ಯರೇಖೆಯಿಂದ ನಾಲ್ಕೈದು ಡಿಗ್ರಿ ದಕ್ಷಿಣಕ್ಕಿರುವ ಆ ಕಡಲಲ್ಲಿ ಏಪ್ರಿಲ್ ರಾತ್ರಿ ಹತ್ತರ ಹೊತ್ತಿಗೆ ಉತ್ತರಕ್ಕೆ ಸಪ್ತರ್ಷಿ ಮಂಡಲ, ದಕ್ಷಿಣಕ್ಕೆ ತ್ರಿಶಂಕು ನಕ್ಷತ್ರಪುಂಜ, ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುತ್ತವೆ. ಧ್ರುವ ಮಾತ್ರ ದಿಗಂತದ ಕೆಳಗೆ ಹೋಗಿರುತ್ತಾನೆ. ಮದುವೆಯ ದಿನ ಪುರೋಹಿತರು ಹಗಲಲ್ಲೇ ಆಕಾಶಕ್ಕೆ ಬೆರಳು ತೋರಿಸಿ ಅರುಂಧತಿ ನೋಡಿ ಅಂದಿದ್ದರು, ನಾವು ನೋಡಿದೆವು ಅಂದಿದ್ದೆವು. ಈ ಸಲ ವಸಿಷ್ಠನ ಪಕ್ಕದಲ್ಲಿ ಅರುಂಧತಿಯನ್ನು ನಿಜವಾಗಿಯೂ ನೋಡಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ಡೆಕ್ಕಿನ ದೀಪ ಆರಿಸಲು ದೋಣಿ ನಡೆಸುವ ಸ್ಕಿಪ್ಪರ್‌ಗೆ ಮೊದಲೇ ಹೇಳಿದ್ದೆ. ಲಂಗರು ಹಾಕಿದಾಗ ಕಂಬದ ತುದಿಯ ಬಿಳಿ ದೀಪ ಉರಿಯಲೇಬೇಕು, ಅದು ನಿಯಮ; ಅದೊಂದರಿಂದ ತೊಂದರೆಯೇನೂ ಇಲ್ಲ. ದೋಣಿಯ ಮುಂಭಾಗದಲ್ಲಿ ಬಿಗಿದ ಬಲೆಯ ಮೇಲೆ ಬೆನ್ನು ಹಾಕಿ ಮಲಗಿದರೆ ಆಯಿತು. ಇಡೀ ಪ್ರವಾಸದಲ್ಲಿ ಕಾಸು ಖರ್ಚಿಲ್ಲದೆ ಸಿಕ್ಕಿದ್ದು ಅದೊಂದೇ, ಅದರಷ್ಟು ಬೆಲೆಬಾಳುವುದು ಇನ್ನೊಂದಿರಲಿಲ್ಲ.

ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು ಎಂಬುದೂ ನೆನಪಿರಲಿ. ಹವಳದ ದಿಬ್ಬದೊಳಗಿನ ಕಡಲತೀರಗಳಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಉಬ್ಬರದ ವೇಳಾಪಟ್ಟಿ ತರಿಸಿಕೊಂಡು ಅದರ ಪ್ರಕಾರ ಈಜುವ ಹೊತ್ತು ಗುರುತು ಮಾಡಿಟ್ಟೆ.

ಇನ್ನು ದೋಣಿ. ಕ್ಯಾಬಿನ್ ಲೆಕ್ಕದಲ್ಲಿ ಸೀಟು ಕೊಂಡು ಬೇರೆಯವರ ಜೊತೆ ಹೋಗುವ ಏರ್ಪಾಟು ಅಗ್ಗ, ಆದರೆ ಇಬ್ಬರ ಏಕಾಂತಕ್ಕೆ ಒಗ್ಗದು. ನಾವೇ ನಡೆಸುವಷ್ಟು ಅನುಭವವಿಲ್ಲ. ಉಳಿದದ್ದು ಸ್ಕಿಪ್ಪರ್ ಮತ್ತು ಅಡುಗೆಯವರಿರುವ ಇಡೀ ದೋಣಿಯ ಬಾಡಿಗೆ. ಒಡಲು ಎರಡಿರುವ ಕ್ಯಾಟಮರಾನೇ ಬೇಕೆಂದೆ. ಒಂಟಿ ಒಡಲಿನ ದೋಣಿಯಂತೆ ಅದು ಒಂದು ಕಡೆಗೆ ವಾಲುವುದಿಲ್ಲ. ಇಲ್ಲೊಂದು ಮಾತು ಗಮನಿಸಿ: ಒಂದೇ ಮಾದರಿಯ ಕ್ಯಾಟಮರಾನ್ ನಾಲ್ಕು ಕ್ಯಾಬಿನ್ನಿನದೂ ಇರುತ್ತದೆ, ‘ಓನರ್ಸ್ ವರ್ಶನ್’ ಅನ್ನುವುದೂ ಇರುತ್ತದೆ. ಎರಡನೆಯದರಲ್ಲಿ ಒಂದು ಕಡೆಯ ಒಡಲು ಪೂರ್ತಿ ಒಂದೇ ಕೋಣೆ: ಹಾಸಿಗೆ, ಬರೆಯುವ ಮೇಜು, ಸ್ನಾನದ ಜಾಗ ಎಲ್ಲ ಅದರಲ್ಲೇ. ಸಿಬ್ಬಂದಿ ಆ ಕಡೆಯ ಒಡಲಿನಲ್ಲಿ. ನಡುವೆ ಇಡೀ ದೋಣಿಯ ಅಗಲ. ಇನ್ನೂ ಉದ್ದದ ದೋಣಿಗೆ ಹಣ ಸುರಿಯುವುದಕ್ಕಿಂತ ಇದನ್ನೇ ಹುಡುಕಿ ಹಿಡಿಯುವುದು ಮೇಲು.

ಏಜೆಂಟರು ಕಳಿಸುವ ಫೋಟೋ ನೋಡಿ ಮುಂಗಡ ಕೊಡಬೇಡಿ. ದೋಣಿ ಯಾವ ವರ್ಷದ್ದು, ಜನರೇಟರ್ ಇಲ್ಲದೆ ಎ.ಸಿ. ಎಷ್ಟು ಹೊತ್ತು ನಡೆಯುತ್ತದೆ, ಕಡಲ ನೀರನ್ನು ಸಿಹಿ ಮಾಡುವ ಯಂತ್ರವಿದೆಯೇ, ನೀರಿಗಿಳಿಯುವ ಮೆಟ್ಟಿಲು ಹೇಗಿದೆ ಎಂದು ಬರಹದಲ್ಲೇ ಕೇಳಿ. ಜನರೇಟರ್ ಸದ್ದಿನಲ್ಲಿ ರಾತ್ರಿ ಕಳೆಯುವ ಮನಸ್ಸು ನನಗಿರಲಿಲ್ಲ. ಲಂಗರು ಹಾಕಿದ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಹಾಸಿಗೆಯ ಮೇಲಿನ ಕಿಂಡಿ ತೆರೆದಿಟ್ಟರೆ ಗಾಳಿ ನೇರ ಒಳಗೆ ಬರುತ್ತದೆ.

ಸ್ಕಿಪ್ಪರ್ ಜೊತೆ ಹೊರಡುವ ಮೊದಲೇ ವಿಡಿಯೋ ಕರೆಯಲ್ಲಿ ಮಾತಾಡಿದೆ. ನಾಚಿಕೆಪಡದೆ ಹೇಳಿದೆ: ನಮಗೆ ಸಂಜೆಯ ಹೊತ್ತು ಮಾತಿಗೆ ಯಾರೂ ಬೇಡ, ಬೆಳಗ್ಗೆ ಎಷ್ಟು ಬೇಕಾದರೂ ಹರಟೋಣ. ದಡಕ್ಕೆ ಬಿಟ್ಟು, ಕೈಗೊಂದು ರೇಡಿಯೋ ಕೊಟ್ಟು, ಹೇಳಿದ ಹೊತ್ತಿಗೆ ಡಿಂಗಿ, ಅಂದರೆ ದಡಕ್ಕೆ ಓಡಾಡುವ ಪುಟ್ಟ ದೋಣಿ, ತಂದರೆ ಸಾಕು. ಅವರು ಮಾಹೆಯವರೇ, ಹಿರಿಯರು. ಇಂಥ ಮಾತು ಮೊದಲೇ ಹೇಳುವವರು ಕಡಿಮೆ, ಹೇಳಿದರೆ ತಮಗೂ ಅನುಕೂಲ ಎಂದರು. ಏಜೆಂಟರ ಕಡೆಯಿಂದ ಹಾಸಿಗೆ ಮೇಲೆ ಗುಲಾಬಿ ಪಕಳೆ, ಬಲೂನು, ಕೇಕು ಎಲ್ಲ ಸೇರಿದ ‘ರೊಮ್ಯಾಂಟಿಕ್ ಪ್ಯಾಕೇಜ್’ ಬಂದಿತ್ತು. ಬೇಡವೆಂದೆ, ಆ ಹಣದ ಜೊತೆ ಇನ್ನಷ್ಟು ಸೇರಿಸಿ ಒಂದು ರಾತ್ರಿ ಹೆಚ್ಚು ಮಾಡಿಸಿದೆ.

ಇವರನ್ನು ಒಪ್ಪಿಸಿದ್ದು ಮಾತಿನಿಂದಲ್ಲ, ಹಂತಹಂತವಾಗಿ. ಮೊದಲು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ದೋಣಿ. ಆಮೇಲೆ ಮುಂಬೈಯ ಗೇಟ್‌ವೇ ಬಳಿ ಗಂಟೆ ಲೆಕ್ಕದಲ್ಲಿ ಸಿಗುವ ಹಾಯಿದೋಣಿ.

“ಏನೇ, ಇದು ಮಗುಚೋದಿಲ್ಲ ತಾನೇ?”

“ಇಲ್ಲ ರೀ. ದೂರದ ದಡ ನೋಡ್ತಾ ಇರಿ, ಮೊಬೈಲ್ ನೋಡ್ಬೇಡಿ.”

ಅಷ್ಟೇ ಉಪಾಯ. ಡೆಕ್ಕಿನ ಮೇಲೆ ಗಾಳಿಗೆ ಕೂರುವುದು, ದಿಗಂತ ನೋಡುವುದು, ಹೊಟ್ಟೆ ಖಾಲಿ ಬಿಡದಿರುವುದು, ಶುಂಠಿ ಜಗಿಯುವುದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ದೋಣಿ ಹೊರಡುವ ಮೊದಲೇ ನುಂಗಬೇಕು, ಸಂಕಟ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ನಮ್ಮ ಬಡಾವಣೆಯ ಈಜುಕೊಳದಲ್ಲಿ ಇವರು ತೇಲುವುದನ್ನೂ ಕಲಿತರು. 50 ದಾಟಿದ ಮನುಷ್ಯ ಹೆಂಡತಿಯ ಆಸೆಗಾಗಿ ನೀರಿಗಿಳಿದದ್ದು ನನಗೆ ದೊಡ್ಡ ಉಡುಗೊರೆ. ಸೇಂಟ್ ಪಿಯರ್ ಎಂಬ ಪುಟ್ಟ ಬಂಡೆದ್ವೀಪದ ಬಳಿ ಜಾಕೆಟ್ ತೊಟ್ಟು, ನನ್ನ ಕೈ ಹಿಡಿದು, ಮುಖ ನೀರೊಳಗಿಟ್ಟು ಮೀನಿನ ಹಿಂಡು ನೋಡಿದರು.

ಹಾದಿ ಹೆಣೆದಿದ್ದು ಹೀಗೆ. ಮುಂಬೈಯಿಂದ ಮಾಹೆಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಭಾರತೀಯರಿಗೆ ವೀಸಾ ಬೇಕಿಲ್ಲ, ಹೊರಡುವ ಮೊದಲು ಆನ್‌ಲೈನಿನಲ್ಲಿ ಪ್ರವಾಸದ ಅನುಮತಿ ಮಾಡಿಸಿದರಾಯಿತು. ಮೊದಲ ರಾತ್ರಿಯೇ ಪ್ರಾಸ್ಲಿನ್‌ಗೆ ಓಡಬೇಡಿ. ಮಾಹೆಯ ಈಡನ್ ಐಲೆಂಡ್ ಮರೀನಾ ಎಂಬ ದೋಣಿ ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಸೇಂಟ್ ಆನ್ ಸಾಗರ ಉದ್ಯಾನ. 1973ರಷ್ಟು ಹಿಂದೆಯೇ ರಕ್ಷಣೆ ಪಡೆದ ನೀರು. ಪ್ರಯಾಣದ ದಣಿವು ಅಲ್ಲಿ ಕಳೆಯಲಿ. ಮರುದಿನ ಬೆಳಗ್ಗೆ ಉದ್ದದ ಹಾದಿ ಮುಗಿಸಿ ಪ್ರಾಸ್ಲಿನ್ ಪಕ್ಕದ ಕ್ಯೂರಿಯೂಸ್ ದ್ವೀಪ.

ಕೊಲ್ಲಿ ಖಾಲಿಯಾಗುವ ಹೊತ್ತಿನ ನನ್ನ ಲೆಕ್ಕ ಫಲ ಕೊಟ್ಟಿದ್ದು ಕ್ಯೂರಿಯೂಸ್‌ನಲ್ಲೇ. ಪ್ರಾಸ್ಲಿನ್ನಿನ ಹೋಟೆಲುಗಳಿಂದ ಪ್ರವಾಸಿಗರನ್ನು ತುಂಬಿಕೊಂಡ ದೋಣಿಗಳು ಹತ್ತರ ಹೊತ್ತಿಗೆ ಬರುತ್ತವೆ, ನಾಲ್ಕರೊಳಗೆ ಹೊರಟುಬಿಡುತ್ತವೆ. ಆ ನಡುವಿನ ಹೊತ್ತನ್ನು ನಾವು ಊಟ, ನಿದ್ದೆ, ಓದು, ಅಥವಾ ಮುಂದಿನ ಕೊಲ್ಲಿಯ ಪ್ರಯಾಣಕ್ಕೆ ಇಟ್ಟೆವು. ಸೂರ್ಯ ಮುಳುಗುವುದು ವರ್ಷವಿಡೀ ಆರೂಕಾಲು, ಆರೂವರೆಯ ಸುಮಾರಿಗೆ. ಅದರೊಳಗೆ ದೋಣಿ ಲಂಗರು ಹಾಕಿರಬೇಕು. ನಾಲ್ಕರಿಂದ ಕತ್ತಲಾಗುವವರೆಗೆ, ಮತ್ತೆ ಬೆಳಗಿನ ಮೊದಲ ಗಂಟೆಗಳಲ್ಲಿ, ಇಡೀ ಬೇ ಲಾರೇ ಕೊಲ್ಲಿಯಲ್ಲಿ ನಾವೂ ಇನ್ನೊಂದೆರಡು ದೋಣಿಗಳೂ ಅಷ್ಟೇ. ಏಕಾಂತಕ್ಕೆ ಸಾವಿರ ಕಿಲೋಮೀಟರ್ ಹೋಗಬೇಕಿಲ್ಲ. ಉಳಿದವರು ಹೊರಡುವ ಹೊತ್ತಿಗೆ ನಾವು ಅಲ್ಲೇ ಉಳಿದರೆ ಸಾಕು. ದ್ವೀಪದ ಮೇಲೆ ದೈತ್ಯ ಆಮೆಗಳು ಓಡಾಡಿಕೊಂಡಿವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಾಕಿದ ಮರದ ಹಾದಿಯಲ್ಲಿ ಆಚೆ ದಡಕ್ಕೆ ನಡೆದರೆ 1873ರ ಡಾಕ್ಟರ್ ಮನೆ. ಹಿಂದೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ದ್ವೀಪ ಅದು.

ಪ್ರಾಸ್ಲಿನ್ನಿನ ವಾಯವ್ಯ ತುದಿಯ ಆನ್ಸ್ ಲಾಜಿಯೊ ಬಲು ಹೆಸರಾದ ಕಡಲತೀರ. ಆಗ್ನೇಯ ಮಾರುತದ ಕಾಲದಲ್ಲಿ ಅದಕ್ಕೆ ಗುಡ್ಡದ ಮರೆ, ವಾಯವ್ಯದ ಗಾಳಿಗೆ ಅದೇ ಕೊಲ್ಲಿಯಲ್ಲಿ ತೆರೆ ನುಗ್ಗುತ್ತದೆ. ಅಲ್ಲಿನ ಪ್ರತಿ ಕೊಲ್ಲಿಗೂ ಹೀಗೆ ಅದರದೇ ಕಾಲ. ಆದ್ದರಿಂದ ಹಾದಿಯನ್ನು ಕಲ್ಲಿನಲ್ಲಿ ಕೆತ್ತಿಡದೆ, ಸ್ಕಿಪ್ಪರ್ ದಿನವೂ ಬೆಳಗ್ಗೆ ಗಾಳಿ ನೋಡಿ ಬದಲಿಸಲಿ ಎಂದು ಬಿಟ್ಟೆ. ದಿನ ಗೊತ್ತುಮಾಡಿಟ್ಟಿದ್ದು ಕೂಸಾನ್ ದ್ವೀಪಕ್ಕೊಂದಕ್ಕೇ. ಅಲ್ಲಿಗೆ ವಾರದ ದಿನಗಳ ಬೆಳಗಿನಲ್ಲಿ ಮಾತ್ರ ಪ್ರವೇಶ. ಇಲಿ, ಹುಳು ಹೊಕ್ಕದಂತೆ ನಮ್ಮ ಡಿಂಗಿಯನ್ನು ದಡಕ್ಕೆ ಬಿಡುವುದಿಲ್ಲ, ದ್ವೀಪದವರ ದೋಣಿಯೇ ಬಂದು ಕರೆದೊಯ್ಯುತ್ತದೆ. ಸೆಶೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ 30ಕ್ಕೂ ಕಡಿಮೆ ಉಳಿದಿದ್ದಾಗ, 1968ರಲ್ಲಿ ಪಕ್ಷಿ ಸಂರಕ್ಷಣೆಯವರು ಈ ತೆಂಗಿನ ತೋಟದ ದ್ವೀಪವನ್ನೇ ಕೊಂಡು ಆ ಹಕ್ಕಿಯನ್ನು ಉಳಿಸಿದರು. ಬಿಳಿ ಕಡಲಕ್ಕಿಗಳು ಗೂಡೇ ಕಟ್ಟದೆ ಬರಿಯ ಕೊಂಬೆಯ ಮೇಲೆ ಒಂದೇ ಮೊಟ್ಟೆಯಿಟ್ಟು ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುವುದನ್ನು ಕೈಯಳತೆಯಲ್ಲಿ ನೋಡಿದೆವು.

ಊಟದ ಚಿಂತೆ ಬೇಡ. ಇವರು ಸಸ್ಯಾಹಾರಿ, ನಾನು ಮೀನು ಬಿಡದವಳು. ಇಷ್ಟಾನಿಷ್ಟಗಳ ಫಾರಂ ಮೊದಲೇ ಕಳಿಸುತ್ತಾರೆ. ‘ವೆಜ್’ ಎಂದಷ್ಟೇ ಬರೆಯದೆ, ಮೀನಿನ ಸಾರೂ ಮೊಟ್ಟೆಯೂ ಬೇಡ ಎಂದು ಬಿಡಿಸಿ ಬರೆದೆ. ರಾಜಧಾನಿ ವಿಕ್ಟೋರಿಯಾದಲ್ಲಿ ತಮಿಳರ ಅಂಗಡಿಗಳಿವೆ. ಬೇಳೆ, ಸಾಸಿವೆ, ಹುಣಸೆ ಎಲ್ಲ ಸಿಗುತ್ತದೆ. ಹಸಿ ತರಕಾರಿ, ಹಣ್ಣು ಊರಿಂದ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಅಲ್ಲಿನವರ ಕ್ರಿಯೋಲ್ ಅಡುಗೆ ನಮಗೆ ದೂರದ್ದಲ್ಲ: ತೆಂಗಿನ ಹಾಲಿನ ಪಲ್ಯ, ದಾಲ್ಚಿನ್ನಿ ಎಲೆಯ ಘಮ, ಬೇಳೆ, ಪಪ್ಪಾಯಿ ಕಾಯಿಯ ಚಟ್ನಿ. ಎಲ್ಲೆಲ್ಲೂ ಜೀಗುಜ್ಜೆ ಮರ. ಅದನ್ನು ತಿಂದವರು ಸೆಶೆಲ್ಸ್‌ಗೆ ಮರಳಿ ಬರುತ್ತಾರೆಂದು ಅಲ್ಲಿನವರ ನಂಬಿಕೆ. ಅಡುಗೆಯಾಕೆಗೆ ನಾನು ಜೀಗುಜ್ಜೆ ಪೋಡಿ ಕಲಿಸಿದೆ, ಆಕೆ ನನಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅಷ್ಟಪದಿಯ (ಆಕ್ಟೋಪಸ್) ಸಾರು ಕಲಿಸಿದಳು.

ಹಣದ ಮಾತು. ದೋಣಿ ಬಾಡಿಗೆ ಯೂರೋದಲ್ಲಿ ಹೇಳುತ್ತಾರೆ, ಅದೇ ಪೂರ್ತಿ ಲೆಕ್ಕವಲ್ಲ. ಸ್ಕಿಪ್ಪರ್ ಮತ್ತು ಅಡುಗೆಯವರ ದಿನಗೂಲಿ, ದಿನಸಿ, ಡೀಸೆಲ್, ಸಾಗರ ಉದ್ಯಾನಗಳ ಶುಲ್ಕ, ಕೊನೆಗೆ ಭಕ್ಷೀಸು, ಎಲ್ಲವೂ ಬೇರೆ. ಒಳಗೊಂಡದ್ದೇನು, ಒಳಗೊಳ್ಳದ್ದೇನು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಹವಾಮಾನ ಕೆಟ್ಟು ದೋಣಿ ಹೊರಡದಿದ್ದರೆ ಏನು ಎಂಬುದನ್ನೂ. ಇಲ್ಲಿಂದ ಹಣ ಕಳಿಸುವಾಗ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿದರೆ ರಸೀದಿ ಇಟ್ಟುಕೊಂಡು ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು. ಸಾಮಾನಿಗೆ ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿಡುವ ಬಟ್ಟೆಯ ಚೀಲ ಒಯ್ಯಿರಿ. ಹವಳಕ್ಕೆ ಕೇಡು ಮಾಡದ ಸನ್‌ಸ್ಕ್ರೀನ್ ಇರಲಿ. ಲಂಗರು ಮರಳಿನ ಮೇಲೆ ಮಾತ್ರ ಬೀಳಲಿ, ಹವಳದ ಮೇಲೆ ಬೇಡ ಎಂದು ಧೈರ್ಯವಾಗಿ ಹೇಳಿ. ನಾವು ನೋಡಹೋಗುವುದೇ ಆ ಹವಳವನ್ನಲ್ಲವೇ.

ಒಂದು ಇಡೀ ದಿನ ವ್ಯಾಲೆ ದ ಮೇ ಕಾಡಿಗೆ ಕೊಡಿ. ಪ್ರಾಸ್ಲಿನ್ನಿನ ಈ ತಾಳೆಗಾಡು 1983ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಜಗತ್ತಿನಲ್ಲೇ ಅತಿ ಭಾರದ ಬೀಜ ಬಿಡುವ ಕೊಕೊ ದ ಮೇರ್ ಇಲ್ಲಿ ಸಹಜವಾಗಿ ಬೆಳೆಯುತ್ತದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ; ಬಿರುಗಾಳಿಯ ರಾತ್ರಿ ಅವು ಒಂದನ್ನೊಂದು ಸೇರುತ್ತವೆಂದು ದ್ವೀಪದವರ ಕಥೆ. ಈ ಮರ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿದದ್ದು 1768ರಲ್ಲಿ. ಅದಕ್ಕೂ ಮೊದಲೇ ಇದರ ಚಿಪ್ಪು ಕಡಲಲ್ಲಿ ತೇಲಿ ದಡ ಸೇರಿ, ನಮ್ಮ ನಾಡಿನ ಸಾಧುಗಳ, ಫಕೀರರ ಕೈಯ ಪಾತ್ರೆಯಾಗಿತ್ತು. ಕಮಂಡಲುವಿನ ಮರ ಇದೇ ಎಂದು ತಿಳಿದಾಗ ಇವರು ಬಹಳ ಹೊತ್ತು ಅದರ ಬುಡದಲ್ಲೇ ನಿಂತರು. ನಾವೂ ಒಂದು ಕಾಯಿ ಕೊಂಡೆವು. ಕೊಳ್ಳುವವರು ಸರ್ಕಾರದ ಗುರುತಿನ ಚೀಟಿಯೂ ರಫ್ತು ಅನುಮತಿಯೂ ಇರುವುದನ್ನೇ ಕೊಳ್ಳಬೇಕು. ಕಾಗದವಿಲ್ಲದ ಕಾಯಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಅದು ಕದ್ದ ಮಾಲು ಇರಬಹುದು. ಕಾಗದಗಳನ್ನು ದೊಡ್ಡ ಚೀಲದೊಳಗೆ ಹೂಳದೆ ಕೈಚೀಲದಲ್ಲಿಡಿ, ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ.